ತಿದ್ದಲಾಗದ ಕಾರ್ಡು

ಮಾರ್ಚ್ 4, ಮಂಗಳವಾರ

ಅತ್ತಿಗೆಯವರಿಗೆ,

ಫೋನಿಗೆ ಬಂದರೆ ನಾವಿಬ್ಬರೂ ಕಚ್ಚಾಡುತ್ತೇವೆ ಎಂದು ಅಣ್ಣ ತೀರ್ಪು ಕೊಟ್ಟಾಗಿದೆ. "ಏನಿದ್ರೂ ಬರ್ಕೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದ. ಅದಕ್ಕೇ ಈ ಕಾಗದ.

ದೊಡ್ಡ ಆಸ್ಪತ್ರೆಯಿಂದ ನಮ್ಮ ಈ ಪುಟ್ಟ ಶಾಖೆಗೆ ಪ್ರತಿ ಮಂಗಳವಾರ ಬರುವ ಟಪಾಲು ಚೀಲದಲ್ಲಿ, ಎಕ್ಸ್‌ರೇ ಫಿಲ್ಮುಗಳ ನಡುವೆ, ನಿಮ್ಮ ಹದಿನೇಳು ಪುಟಗಳ ಪ್ರಸ್ತಾವನೆ ಬಂತು. ಮೇಲೆ ದೊಡ್ಡ ಡಾಕ್ಟರ ಚೀಟಿ ಬೇರೆ. "ನಿಮ್ಮ ಶಿಷ್ಯೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡಿ!" ಹನ್ನೊಂದು ವರ್ಷ ಆ ಕಂಪ್ಯೂಟರ್ ರೂಮಿನಲ್ಲಿ ದುಡಿದೆ. ನನಗೆ ಅವರು ಒಂದು ಚೀಟಿಯನ್ನೂ ಬರೆದವರಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಮಾತ್ರ ನನ್ನ ನೆನಪಾಗುತ್ತಿತ್ತು.

ನೀವು ಹೇಳುವುದು ಇಷ್ಟು ತಾನೆ? ನಾನು ಕಂಪ್ಯೂಟರಿನಲ್ಲಿ ಬರೆದ 'ರೋಗಿ ಕಾರ್ಡ್' ಎಂಬ ಕ್ಲಾಸ್, ಅಂದರೆ ಕಾರ್ಡುಗಳ ಅಚ್ಚು, ಸರಿಯಿಲ್ಲ. ಅದರಿಂದ ಹುಟ್ಟುವ ಪ್ರತಿಯೊಂದು ಕಾರ್ಡನ್ನೂ ಯಾರು ಬೇಕಾದರೂ, ಯಾವಾಗ ಬೇಕಾದರೂ ತಿದ್ದಬಹುದು, ಅದೇ ಅದರ ರೋಗ. ಇನ್ನು ಮೇಲೆ ಒಮ್ಮೆ ಹುಟ್ಟಿದ ಕಾರ್ಡು ಹಾಗೆಯೇ ಇರಬೇಕು. ಬದಲಾವಣೆ ಬೇಕೆಂದರೆ ಆ ಬದಲಾವಣೆಯೊಂದಿಗೆ ಹೊಸ ಕಾರ್ಡು ಹುಟ್ಟಬೇಕು, ಹಳೆಯದನ್ನು ಯಾರೂ ಮುಟ್ಟುವಂತಿಲ್ಲ. ಇಮ್ಯೂಟಬಲ್ ಅಂತೆ. ಹೆಸರೇನೋ ಭರ್ಜರಿಯಾಗಿದೆ. ನನ್ನ ಹಳೇ ಕಾರ್ಡು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಹೆರಿಗೆ ವಾರ್ಡಿಗೆ ನಾನು ಹೋದ ವರ್ಷ ಮಾಡಿಕೊಟ್ಟ 'ನಕಲು' ಗುಂಡಿಗೆ ನರ್ಸುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನೀವೂ ತಟ್ಟಿದ್ದಿರಿ.

ಐದು ವರ್ಷದ ಹಿಂದೆ ಪಕ್ಕದ ಕುರ್ಚಿಯಲ್ಲಿ ಕೂತು "ಅಕ್ಕಾ, ಆಬ್ಜೆಕ್ಟ್ ಅಂದ್ರೇನಕ್ಕಾ" ಎಂದು ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದವಳಿಗೆ ಗುಬ್ಬಿ ಎಂದು ಹೆಸರಿಟ್ಟವಳು ನಾನು. ಆ ಗುಬ್ಬಿ ನನ್ನ ಅಣ್ಣನನ್ನು ಮದುವೆಯಾಗಿ ಅತ್ತಿಗೆಯಾಯಿತು. ನನ್ನನ್ನು ಇಲ್ಲಿಗೆ ವರ್ಗ ಮಾಡಿದ ಮೇಲೆ ನನ್ನ ಕುರ್ಚಿಯನ್ನೂ ಏರಿತು. ಈಗ ನನ್ನ ಕಾರ್ಡಿಗೂ ಕೈ ಹಾಕಿದೆ. ಆಗಲಿ. ಆದರೆ ಆಸ್ಪತ್ರೆಯ ನಿಯಮ ನೆನಪಿದೆಯಲ್ಲ? ಯಾರು ಬರೆದದ್ದೋ ಅವರ ಸಹಿ ಇಲ್ಲದೆ ಯಾರೂ ಬದಲಾಯಿಸುವಂತಿಲ್ಲ. ನಿಧಾನವಾಗಿ ಓದಿ ತಿಳಿಸುತ್ತೇನೆ.

ನನ್ನ ಕುರ್ಚಿಯ ಮೇಲಿದ್ದ ನೀಲಿ ದಿಂಬನ್ನು ಎಸೆದಿರಾ, ಇಟ್ಟಿದ್ದೀರಾ?

ನಿಮ್ಮ ನಾದಿನಿ


ಮಾರ್ಚ್ 11

ಅಕ್ಕ,

ದಿಂಬು ಎಸೆದಿಲ್ಲ. ನಾನೇ ಇಟ್ಟುಕೊಂಡು ಕೂರುತ್ತೇನೆ, ಈಚೆಗೆ ಬೆನ್ನು ನೋವು.

ಪ್ರಸ್ತಾವನೆಯಲ್ಲಿ ಗತ್ತಿನ ಮಾತು ಜಾಸ್ತಿಯಾಯಿತೇನೋ, ಅದಕ್ಕೇ ನಿಮಗೆ ಸಿಟ್ಟು ಬಂದಿರಬೇಕು. ಬಿಡಿಸಿ ಹೇಳುತ್ತೇನೆ. ಹೆರಿಗೆಯಾದ ಕೂಡಲೇ ವಾರ್ಡಿನ ಗುಮಾಸ್ತೆ ತಾಯಿಯ ಕಾರ್ಡಿನ ಮೇಲೆ ನಕಲು ಗುಂಡಿ ಒತ್ತಿ ಮಗುವಿನ ಕಾರ್ಡು ಮಾಡುತ್ತಾಳೆ. ಮನೆ ವಿಳಾಸ, ಫೋನ್ ನಂಬರು ಎಲ್ಲ ಮತ್ತೆ ಬಡಿಯುವ ಕೆಲಸ ತಪ್ಪಿತು. ಅದಕ್ಕೆ ಚಪ್ಪಾಳೆ ತಟ್ಟಿದ್ದು, ಈಗಲೂ ತಟ್ಟುತ್ತೇನೆ. ಆದರೆ ಕಾರ್ಡಿನೊಳಗೆ 'ಒಗ್ಗದ ಔಷಧಿಗಳ ಪಟ್ಟಿ' ಇದೆಯಲ್ಲ, ಆ ಗುಂಡಿ ಪಟ್ಟಿಯನ್ನು ನಕಲು ಮಾಡುವುದಿಲ್ಲ. ಪಟ್ಟಿ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ನಕಲು ಮಾಡುತ್ತದೆ. ಕಾರ್ಡು ಎರಡು, ಪಟ್ಟಿ ಒಂದೇ. ಮಗುವಿಗೆ ಅಂಥದ್ದೇನೂ ಇಲ್ಲ ಎಂದು ಗುಮಾಸ್ತೆ ಮಗುವಿನ ಕಾರ್ಡಿನಲ್ಲಿ ಪಟ್ಟಿ ಅಳಿಸಿದರೆ, ತಾಯಿಯ ಕಾರ್ಡಿನದೂ ಅಳಿಸಿಹೋಗುತ್ತದೆ. ಎರಡು ಮನೆಗೆ ಒಂದೇ ಟ್ಯಾಂಕು ಇದ್ದ ಹಾಗೆ. ಆ ಮನೆಯವರು ನಲ್ಲಿ ಬಿಟ್ಟು ಮರೆತರೆ ಈ ಮನೆಯಲ್ಲಿ ನೀರಿಲ್ಲ.

ತಾಯಂದಿರಲ್ಲಿ ಔಷಧಿ ಒಗ್ಗದವರು ಕಡಿಮೆ, ನರ್ಸುಗಳು ಬಾಯಲ್ಲೂ ಕೇಳುತ್ತಾರೆ. ಅದಕ್ಕೇ ಇಲ್ಲಿಯವರೆಗೆ ಗೊತ್ತಾಗಿಲ್ಲ. ಇಂಥ ಜಾಗಗಳು ಇದೊಂದೇ ಅಲ್ಲ, ಒಂಬತ್ತಿವೆ. ಒಂದೊಂದಕ್ಕೇ ತೇಪೆ ಹಾಕುವ ಬದಲು ಕಾರ್ಡನ್ನೇ ತಿದ್ದಲಾಗದ ಹಾಗೆ ಮಾಡಿಬಿಟ್ಟರೆ ಒಂಬತ್ತೂ ಒಟ್ಟಿಗೆ ಮುಚ್ಚುತ್ತವೆ. ದಯವಿಟ್ಟು ಬೇಗ ನೋಡಿ.

ಗುಬ್ಬಿ


ಮಾರ್ಚ್ 18

ಅತ್ತಿಗೆಯವರಿಗೆ,

ಟ್ಯಾಂಕಿನ ಮಾತು ಚೆನ್ನಾಗಿದೆ. ಯಾರ ಕಡೆಗೆ ಹೇಳಿದ್ದು ಎಂದು ಅರ್ಥವಾಗದಷ್ಟು ದಡ್ಡಿ ನಾನಲ್ಲ.

ಮೊದಲು ಅಣ್ಣ ಭಾನುವಾರ ಬೆಳಿಗ್ಗೆ ಫೋನ್ ಮಾಡಿದರೆ ಒಂದು ಗಂಟೆ ಮಾತಾಡುತ್ತಿದ್ದ. ಈಗ ಮೂರು ಭಾನುವಾರದಿಂದ "ಸ್ವಲ್ಪ ಕೆಲ್ಸ ಇದೆ ಕಣೇ, ಆಮೇಲ್ ಮಾಡ್ತೀನಿ" ಎಂದು ಇಟ್ಟುಬಿಡುತ್ತಾನೆ. ಆ ಆಮೇಲೆ ಬರುವುದೇ ಇಲ್ಲ. ಯಾರು ನಲ್ಲಿ ಬಿಟ್ಟರು, ಯಾರ ಮನೆಯಲ್ಲಿ ನೀರಿಲ್ಲ ಎಂದು ನನ್ನ ಬಾಯಿಂದಲೇ ಹೇಳಿಸಬೇಕೆ?

ಕೆಲಸದ ವಿಷಯಕ್ಕೆ ಬರುತ್ತೇನೆ. ಒಬ್ಬ ರೋಗಿಗೆ ದಿನಕ್ಕೆ ಮೂವತ್ತು ಸಲ ಏನಾದರೂ ಬದಲಾಗುತ್ತದೆ. ಜ್ವರ ನೋಡಿದರೆ ಬದಲು, ಮಾತ್ರೆ ಕೊಟ್ಟರೆ ಬದಲು. ಪ್ರತಿ ಸಲವೂ ಹೊಸ ಕಾರ್ಡು ಹೆತ್ತರೆ ಮೆಮೊರಿ ಎಲ್ಲಿಂದ ತರುತ್ತೀರಿ? ಆ ಮುದಿ ಸರ್ವರು ವಾರದೊಳಗೆ ಮಲಗಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆಲ್ಲ ವಾರ್ಡಿನಲ್ಲಿ ನಡೆಯುವುದಿಲ್ಲ ಅತ್ತಿಗೆ.

ಸಹಿ ಈಗ ಆಗುವುದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ 15

ಅಕ್ಕ,

ನಾಲ್ಕು ವಾರ ಬರೆಯಲಿಲ್ಲ, ಹುಷಾರಿರಲಿಲ್ಲ. ಈಗ ಪರವಾಗಿಲ್ಲ.

ಟ್ಯಾಂಕು ಅಂದರೆ ಟ್ಯಾಂಕೇ. ನಿಮ್ಮ ಮೇಲೆ ಎತ್ತಿ ಆಡುವಷ್ಟು ಬುದ್ಧಿ ನನಗಿಲ್ಲ ಎಂದು ನಿಮಗೇ ಗೊತ್ತು.

ಮೆಮೊರಿ ಬಗ್ಗೆ ಕೇಳಿದ್ದು ಸರಿಯಾದ ಪ್ರಶ್ನೆ. ಹೊಸ ಕಾರ್ಡು ಹುಟ್ಟಿದಾಗ ಎಲ್ಲವನ್ನೂ ಮತ್ತೆ ಬರೆಯಬೇಕಾಗಿಲ್ಲ. ಬದಲಾದ ಭಾಗ ಮಾತ್ರ ಹೊಸದು, ಉಳಿದದ್ದನ್ನು ಹಳೆಯ ಕಾರ್ಡು, ಹೊಸ ಕಾರ್ಡು ಎರಡೂ ಹಂಚಿಕೊಳ್ಳುತ್ತವೆ. ಈಗಲೂ ಹಂಚಿಕೊಳ್ಳುತ್ತಿವೆಯಲ್ಲ, ಅದರಿಂದಲೇ ತಾನೆ ತೊಂದರೆ ಎನ್ನುತ್ತೀರಿ. ಯಾರಾದರೂ ಕೈ ಹಾಕಿ ಕೆಡಿಸಬಹುದು ಎಂಬಲ್ಲಿ ಹಂಚಿಕೊಳ್ಳುವುದು ಅಪಾಯ. ಯಾರೂ ಕೆಡಿಸಲಾರರು ಎಂದಾದರೆ ಎಷ್ಟು ಜನ ಹಂಚಿಕೊಂಡರೂ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಇದರ ಜೊತೆ ಹತ್ತು ಸಾಲಿನ ಒಂದು ಪರೀಕ್ಷೆ ಕಳಿಸಿದ್ದೇನೆ. ಒಬ್ಬ ತಾಯಿ, ಪಟ್ಟಿಯಲ್ಲಿ ಒಂದು ಔಷಧಿ. ನಕಲು ಒತ್ತುತ್ತದೆ, ಮಗುವಿನ ಪಟ್ಟಿ ಅಳಿಸುತ್ತದೆ, ತಾಯಿಯ ಪಟ್ಟಿಯನ್ನು ಅಚ್ಚು ಹಾಕುತ್ತದೆ. ಅಷ್ಟೇ. ನನ್ನ ಮಾತು ನಂಬಬೇಡಿ, ನಿಮ್ಮ ಯಂತ್ರದಲ್ಲೇ ಓಡಿಸಿ ನೋಡಿ.

ಗುಬ್ಬಿ


ಏಪ್ರಿಲ್ 22

ಅತ್ತಿಗೆಯವರಿಗೆ,

ನಿಮ್ಮ ಹತ್ತು ಸಾಲು ಓಡಿಸಲು ನನಗೆ ಪುರಸೊತ್ತಿಲ್ಲ. ಈ ಶಾಖೆಯಲ್ಲಿ ಕಂಪ್ಯೂಟರ್ ನೋಡುವವಳು ನಾನೊಬ್ಬಳೇ. ಬೆಳಿಗ್ಗೆಯಿಂದ ಟೋಕನ್ ಯಂತ್ರ ಒಂದೇ ನಂಬರನ್ನು ನಾಲ್ಕು ಜನಕ್ಕೆ ಕೊಟ್ಟು, ನಾಲ್ವರೂ ನನ್ನ ಮೇಲೇ ಮುಗಿಬಿದ್ದರು. ಇಲ್ಲಿ ಹದಿನೇಳು ಪುಟ ಬರೆಯುವ ಸುಖ ಯಾರಿಗೂ ಇಲ್ಲ.

ಪರಿಚಯದವರೊಬ್ಬರು ಮೊನ್ನೆ ನಿಮ್ಮ ಮನೆಗೆ ಬಂದಿದ್ದರಂತೆ. ನನ್ನ ರೂಮಿಗೆ ಹಳದಿ ಬಣ್ಣ ಹೊಡೆಸಿದ್ದೀರಂತೆ. ಪುಸ್ತಕದ ಕಪಾಟು ಹಾಲಿಗೆ ಬಂದಿದೆಯಂತೆ. ನನಗೊಂದು ಮಾತು ಹೇಳಬೇಕು ಎಂದು ಅಣ್ಣನಿಗೂ ಅನ್ನಿಸಲಿಲ್ಲ, ನಿಮಗೂ ಅನ್ನಿಸಲಿಲ್ಲ. ನಾನು ಸತ್ತಿಲ್ಲ ಅತ್ತಿಗೆ, ವರ್ಗವಾಗಿ ಬಂದಿದ್ದೇನೆ ಅಷ್ಟೆ. ದೊಡ್ಡ ಡಾಕ್ಟರು ಎರಡು ವರ್ಷಕ್ಕೆ ವಾಪಸು ಕರೆಸಿಕೊಳ್ಳುತ್ತೇನೆ ಎಂದಿದ್ದಾರೆ. ಆ ಕಾರ್ಡು ನನ್ನದಾಗಿರುವವರೆಗೆ ಅವರಿಗೆ ನಾನು ಬೇಕು. ಅದನ್ನೂ ನೀವು ಹೊಸದಾಗಿ ಬರೆದುಬಿಟ್ಟರೆ ನನ್ನನ್ನು ಕರೆಸುವುದಕ್ಕೆ ಅವರಿಗೇನು ಹುಚ್ಚೆ?

ಕುರ್ಚಿ ತಗೊಂಡಿರಿ. ದಿಂಬು ತಗೊಂಡಿರಿ. ರೂಮು ತಗೊಂಡಿರಿ. ಅಣ್ಣನ ಭಾನುವಾರವನ್ನೂ ತಗೊಂಡಿರಿ. ಸಹಿಯೊಂದು ನನ್ನ ಹತ್ತಿರ ಉಳಿದಿದೆ. ಅದನ್ನು ಕೊಡುವುದಿಲ್ಲ.

ನಾದಿನಿ


ಜೂನ್ 10

ಅಕ್ಕ,

ನಿಮ್ಮ ಹೋದ ಕಾಗದ ಓದಿ ಏನು ಬರೆಯಬೇಕೋ ತಿಳಿಯದೆ ಆರು ಮಂಗಳವಾರ ಚೀಲವನ್ನು ಹಾಗೇ ಕಳಿಸಿದೆ. ರೂಮಿನ ವಿಷಯ ಹೇಳದೆ ಇದ್ದದ್ದು ತಪ್ಪು. ಕಾರಣ ಇದೆ, ಈಗ ಬರೆಯಲಾರೆ. ನಿಮ್ಮ ಮಂಚ ಅಲ್ಲೇ ಇದೆ, ಗೋಡೆಯ ಕಡೆಗೆ ಸರಿಸಿದ್ದೇನೆ ಅಷ್ಟೆ.

ಸಹಿ ಬರುವವರೆಗೆ ಕೈಯಲ್ಲೇ ಕೆಲಸ ನಡೆಸುತ್ತಿದ್ದೇನೆ. ದಿನಾ ಸಂಜೆ ಐದಕ್ಕೆ ಹೆರಿಗೆ ವಾರ್ಡಿಗೆ ಹೋಗಿ, ಪ್ರತಿ ತಾಯಿಯ ಕಾಗದದ ಫೈಲನ್ನೂ ಸ್ಕ್ರೀನನ್ನೂ ಹೋಲಿಸಿ ನೋಡುತ್ತೇನೆ. ಎರಡು ಸಲ ಪಟ್ಟಿ ಅಳಿಸಿಹೋಗಿತ್ತು. ಮತ್ತೆ ಬರೆದೆ. ಇಬ್ಬರಿಗೂ ಏನೂ ಆಗಲಿಲ್ಲ. ವಾರ್ಡಿನ ಹಿರಿಯ ನರ್ಸು "ಏನಮ್ಮಾ, ದಿನಾ ಬಂದು ಹಾಜರಿ ಹಾಕ್ತೀಯಾ" ಎಂದು ನಗುತ್ತಾರೆ.

ದೊಡ್ಡ ಡಾಕ್ಟರನ್ನು ಕೇಳಿದೆ. "ನಿಯಮ ನಿಯಮಾನೇ. ನಿನ್ನ ನಾದಿನಿ ತಾನೆ, ಮನೇಲೇ ಕೇಳ್ಕೋ" ಎಂದರು. ಅವರಿಗೆ ನಮ್ಮ ಮನೆ ಗೊತ್ತಿಲ್ಲ.

ಗುಬ್ಬಿ


ಜುಲೈ 1

ಅತ್ತಿಗೆಯವರಿಗೆ,

ಹೆರಿಗೆ ವಾರ್ಡಿನಿಂದ ಮತ್ತೆ ಏನಾದರೂ ದೂರು ಬಂತೆ? ಸುಮ್ಮನೆ ಕೇಳಿದೆ.

ಒಂದು ಕೆಲಸ ಮಾಡಿ. ನಕಲು ಗುಂಡಿ ಒತ್ತಬೇಡಿ, ಮಗುವಿನ ಕಾರ್ಡನ್ನು ಮೊದಲಿನಂತೆ ಹೊಸದಾಗಿಯೇ ಬಡಿಯಿರಿ ಎಂದು ಗುಮಾಸ್ತೆಯರಿಗೆ ಹೇಳಿಬಿಡಿ. ಬೇರೆ ಕಾರಣವೇನಿಲ್ಲ. ಬಡಿದರೆ ಅಕ್ಷರ ಅಭ್ಯಾಸವಾಗುತ್ತದೆ.

ಸಂಜೆ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತೀರಿ ಅಂತಾಯಿತು. ಬೆನ್ನು ನೋವು ಅಂದಿದ್ದಿರಿ. ಲಿಫ್ಟು ಇದೆಯಲ್ಲ.

ನಾದಿನಿ


ಜುಲೈ 8

ಅಕ್ಕ,

ನಕಲು ಗುಂಡಿ ಒತ್ತಬೇಡಿ ಎಂದು ಗುಮಾಸ್ತೆಯರ ಗೋಡೆಗೆ ಕೆಂಪು ಅಕ್ಷರದ ಚೀಟಿ ಅಂಟಿಸಿದೆ. ಮೂರು ದಿನ ಇತ್ತು. ನಾಲ್ಕನೆಯ ದಿನ ಅದರ ಮೇಲೆ ಪಾಳಿಯ ಪಟ್ಟಿ ಅಂಟಿಸಿದ್ದರು. ಕೇಳಿದರೆ "ಗುಂಡಿ ಇರೋದು ಒತ್ತೋಕೆ ತಾನೆ ಮೇಡಂ?" ಅಂದರು. ಅವರನ್ನು ಬೈಯುವುದು ಹೇಗೆ?

ಈ ಸಲಹೆ ನಿಮ್ಮ ಬಾಯಿಂದ ಬಂದದ್ದು ನೋಡಿ ನನಗೊಂದು ಅನ್ನಿಸಿತು. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹತ್ತು ಸಾಲು ಓಡಿಸಿ ನೋಡಿದಿರಾ?

ಗುಬ್ಬಿ


ಆಗಸ್ಟ್ 5

ಅತ್ತಿಗೆಯವರಿಗೆ,

ನಮ್ಮ ರೂಮಿನ ಫ್ಯಾನು ಕೆಟ್ಟು ಹತ್ತು ದಿನವಾಯಿತು. ಕಿಟಕಿ ತೆರೆದರೆ ಪಾರಿವಾಳ ಒಳಗೆ ಬಂದು ಕೀಬೋರ್ಡಿನ ಮೇಲೆ ಗಲೀಜು ಮಾಡುತ್ತದೆ, ಮುಚ್ಚಿದರೆ ನಾನು ಬೇಯುತ್ತೇನೆ. ಹೀಗಿದೆ ನನ್ನ ಸಂಸಾರ.

ಹೋದ ವಾರ ಎಲ್ಲ ಶಾಖೆಗೂ ಸುತ್ತೋಲೆ ಬಂತು. ಡಿಸೆಂಬರಿನಲ್ಲಿ ನಡೆಯುವ ಆಸ್ಪತ್ರೆಗಳ ಸಮ್ಮೇಳನದಲ್ಲಿ 'ತಿದ್ದಲಾಗದ ಕಾರ್ಡು' ಎಂಬ ವಿಷಯದ ಮೇಲೆ ಭಾಷಣ ಇದೆಯಂತೆ. ಮಾತನಾಡುವವರು ನೀವು. ಕಾರ್ಡು ಇನ್ನೂ ನನ್ನದೇ, ನಾನಿನ್ನೂ ಸಹಿಯನ್ನೇ ಹಾಕಿಲ್ಲ, ಭಾಷಣ ಮಾತ್ರ ನಿಮ್ಮದು! ನಮ್ಮ ಟೋಕನ್ ಕೌಂಟರಿನವಳು ಓದಿ "ಮೇಡಂ, ಇವ್ರು ನಿಮ್ಮತ್ರಾನೇ ಕಲ್ತಿದ್ದಂತಲ್ಲ, ನಿಮಗೆಷ್ಟು ಹೆಮ್ಮೆ ಅಲ್ವಾ?" ಎಂದು ಕೇಳಿದಳು. ಹೂಂ ಎಂದೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಸುತ್ತಿ ಬಳಸಿ ಯಾಕೆ ಹೇಳಲಿ? ಹೊಟ್ಟೆಕಿಚ್ಚು. ಹೌದು, ನನಗೆ ನಿಮ್ಮನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಾನು ಹನ್ನೊಂದು ವರ್ಷದಲ್ಲಿ ಸಂಪಾದಿಸಿದ್ದನ್ನು ನೀವು ಒಂದೇ ವರ್ಷದಲ್ಲಿ, ಅದೂ ಅಷ್ಟು ನಯವಾಗಿ, ದನಿಯೂ ಎತ್ತದೆ ತಗೊಂಡಿರಿ. ಜಗಳವಾಡಿ ಕಿತ್ತುಕೊಂಡಿದ್ದರೆ ನಾನೂ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ.

ನನ್ನ ಸಹಿ ಸಿಗುವುದಿಲ್ಲ. ಇನ್ನು ಕೇಳಬೇಡಿ.

ನಾದಿನಿ


ಸೆಪ್ಟೆಂಬರ್ 9

ಅಕ್ಕ,

ಹೆರಿಗೆ ವಾರ್ಡಿನ ಹನ್ನೆರಡನೆಯ ಹಾಸಿಗೆಯಿಂದ ಬರೆಯುತ್ತಿದ್ದೇನೆ. ಬಲಗೈಗೆ ಡ್ರಿಪ್ ಇದೆ, ಎಡಗೈಯಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಶುಕ್ರವಾರ ಬೆಳಿಗ್ಗೆ ಹೆಣ್ಣು ಮಗುವಾಯಿತು. ಎರಡೂ ಮುಕ್ಕಾಲು ಕೆ.ಜಿ. ಕೂದಲು ತುಂಬಾ ಇದೆ. ಮೂಗು ನಿಮ್ಮದು ಎನ್ನುತ್ತಾರೆ ನಿಮ್ಮ ಅಣ್ಣ.

ಹೇಳಲಿಲ್ಲವಲ್ಲ ಎಂದು ಕೋಪ ಮಾಡಿಕೊಳ್ಳಬೇಡಿ. ಹೋದ ಸಲ ಮೂರು ತಿಂಗಳಿಗೇ ಹೋಯಿತಲ್ಲ, ಆಗ ಹೇಳಿದವರಿಗೆಲ್ಲ ಮತ್ತೆ ಒಬ್ಬೊಬ್ಬರಿಗೇ 'ಇಲ್ಲ' ಎಂದು ಹೇಳುವುದರಲ್ಲಿ ನಾನು ಸೋತುಹೋಗಿದ್ದೆ. ಈ ಸಲ ಮಗು ಕೈಗೆ ಬರುವವರೆಗೆ ಯಾರಿಗೂ ಬೇಡ ಎಂದು ನಿಮ್ಮ ಅಣ್ಣನಿಂದ ಮಾತು ತೆಗೆದುಕೊಂಡಿದ್ದೆ. ಅವರಿಗೆ ನಿಮ್ಮ ಹತ್ತಿರ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಭಾನುವಾರ ಬೇಗ ಫೋನ್ ಇಡುತ್ತಿದ್ದರು. ಹಳದಿ ಬಣ್ಣ ತೊಟ್ಟಿಲಿಗಾಗಿ.

ಇನ್ನೊಂದು ಹೇಳಬೇಕು. ನನಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಕೊಟ್ಟು ಗಂಟಲು ಕಟ್ಟಿ, ಉಸಿರೇ ನಿಂತುಹೋಗಿತ್ತಂತೆ. ನನ್ನ ಕಾರ್ಡಿನ ಪಟ್ಟಿಯಲ್ಲಿ ಅದೊಂದೇ ಸಾಲು ಇರುವುದು. ನಾನು ರಜೆ ಹಾಕಿದ ಮೇಲೆ ಸಂಜೆ ಐದಕ್ಕೆ ಫೈಲು ಹೋಲಿಸುವವರು ಯಾರೂ ಇರಲಿಲ್ಲ. ನನಗೆ ಅದು ಗೊತ್ತಿತ್ತು. ಹೆರಿಗೆಯಾದ ತಕ್ಷಣ ನಕಲು ಒತ್ತುತ್ತಾರೆ, ಮಗುವಿನ ಪಟ್ಟಿ ಅಳಿಸುತ್ತಾರೆ ಎಂದೂ ಗೊತ್ತಿತ್ತು. ಅದಕ್ಕೇ ಮನೆಯಿಂದ ಹೊರಡುವ ಮೊದಲು, ಲ್ಯಾಬಿನವರು ಸೀಸೆಯ ಮೇಲೆ ಬರೆಯುವ ಕಪ್ಪು ಪೆನ್ನಿನಿಂದ ಎರಡೂ ತೋಳಿನ ಮೇಲೆ ದೊಡ್ಡದಾಗಿ ಬರೆದುಕೊಂಡೆ. 'ಪೆನಿಸಿಲಿನ್ ಒಗ್ಗಲ್ಲ. ಸ್ಕ್ರೀನ್ ನಂಬಬೇಡಿ.' ನಿಮ್ಮ ಅಣ್ಣ "ಇದೇನ್ ಹುಚ್ಚು, ಕಂಪ್ಯೂಟರ್‌ನಲ್ಲಿ ಇದೆಯಲ್ಲ" ಎಂದು ನಕ್ಕರು. ನಾನು ನಗಲಿಲ್ಲ.

ಮಗುವನ್ನು ಕೊನೆಗೆ ಆಪರೇಷನ್ ಮಾಡಿ ತೆಗೆದರು. ಆಮೇಲೆ ನನಗೆ ಪೂರ್ತಿ ಎಚ್ಚರವಿರಲಿಲ್ಲ. ನಿಮ್ಮ ಅಣ್ಣ ಕೆಳಗೆ ಔಷಧಿ ತರಲು ಹೋಗಿದ್ದರು. ಪಾಳಿ ಬದಲಾಗಿ ಹೊಸ ನರ್ಸು ಬಂದರು. ಡಾಕ್ಟರು ಸ್ಕ್ರೀನ್ ನೋಡಿ ಬರೆದಿದ್ದ ಪೆನಿಸಿಲಿನ್ ಇಂಜೆಕ್ಷನ್ನು ಅವರ ಕೈಯಲ್ಲಿತ್ತು. ಸ್ಕ್ರೀನಿನಲ್ಲಿ ಪಟ್ಟಿ ಖಾಲಿ. ಡ್ರಿಪ್ಪಿನ ಕೊಳವೆಗೆ ಸೂಜಿ ಸೇರಿಸಿ, ಟೇಪು ಸರಿಮಾಡಲು ನನ್ನ ತೋಳು ಮೇಲೆತ್ತಿದರಂತೆ, ಓದಿದರಂತೆ, ಸೂಜಿ ಹೊರಗೆಳೆದರಂತೆ. "ಒಂದು ನಿಮಿಷ ಹೆಚ್ಚುಕಡಿಮೆ ಆಗಿದ್ರೆ ಏನ್ ಗತಿ ಆಗ್ತಿತ್ತಮ್ಮಾ" ಎಂದು ಮಾರನೆಯ ದಿನ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ನಿಮ್ಮ ಮೇಲೆ ದೂರು ಹೇಳುತ್ತಿಲ್ಲ. ಹೇಳಬೇಕಿದ್ದರೆ ಜೂನಿನಲ್ಲೇ ದೊಡ್ಡ ಡಾಕ್ಟರ ಮುಂದೆ ನಿಮ್ಮ ಕಾಗದಗಳನ್ನಿಟ್ಟು, ಸಹಿ ಯಾಕೆ ಬರುತ್ತಿಲ್ಲ ಎಂದು ಹೇಳಬಹುದಿತ್ತು. ಮನೆಯ ಮಾತು ಬೀದಿಗೆ ಬರುತ್ತದೆ ಎಂದು ಸುಮ್ಮನಿದ್ದೆ. ನನಗೆ ತೋಳಿನ ಮೇಲೆ ಬರೆದುಕೊಳ್ಳಲು ತಿಳಿದಿತ್ತು. ಆ ವಾರ್ಡಿನ ಬೇರೆ ತಾಯಂದಿರಿಗೆ ಯಾರು ಹೇಳಿದ್ದರು? ಅದು ನನ್ನ ತಪ್ಪು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಜುಲೈಯಲ್ಲಿ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ.

ಗುಬ್ಬಿ


ಸೆಪ್ಟೆಂಬರ್ 10, ಬುಧವಾರ

ಗುಬ್ಬಿ,

ಮುಂದಿನ ಮಂಗಳವಾರದ ಚೀಲಕ್ಕೆ ಕಾಯಲಾರೆ, ಅಂಚೆಗೆ ಹಾಕುತ್ತಿದ್ದೇನೆ. ನಿನ್ನೆ ನಿನ್ನ ಕಾಗದ ಓದಿದಾಗ ಟೋಕನ್ ಕೌಂಟರಿನ ಎದುರು ನಿಂತಿದ್ದೆ. ಅಲ್ಲಿಂದಲೇ ನಿನ್ನ ಮನೆಗೆ ಎರಡು ಸಲ ಫೋನ್ ಮಾಡಿದೆ. ಅಣ್ಣ ಎತ್ತಿ 'ಹಲೋ' ಎಂದ ಕೂಡಲೇ ಇಟ್ಟುಬಿಟ್ಟೆ. ಏನೆಂದು ಮಾತಾಡಲಿ?

ಓಡಿಸಿದ್ದೆ. ಏಪ್ರಿಲ್ 22, ಬೆಳಿಗ್ಗೆ ಹನ್ನೊಂದು ಗಂಟೆ. ಪುರಸೊತ್ತಿಲ್ಲ ಎಂದು ನಿನಗೆ ಬರೆದೆನಲ್ಲ, ಆ ಕಾಗದ ಬರೆಯುವುದಕ್ಕೆ ಅರ್ಧ ಗಂಟೆ ಮೊದಲು. ತಾಯಿಯ ಪಟ್ಟಿ ಖಾಲಿ ಎಂದು ಬಂತು. ನಂಬದೆ ಮತ್ತೆ ಓಡಿಸಿದೆ. ಮೂರು ಸಲ ಓಡಿಸಿದೆ, ಮೂರು ಸಲವೂ ಖಾಲಿ. ನಿನ್ನ ಮಾತು ಅಕ್ಷರ ಅಕ್ಷರ ನಿಜ ಎಂದು ಗೊತ್ತಾಯಿತು. ಸ್ಕ್ರೀನ್ ಆರಿಸಿ, ಪೆನ್ನು ತಗೊಂಡು, ರೂಮಿನ ಬಣ್ಣದ ವಿಷಯ ಬರೆದೆ. ಕಾರ್ಡು ತಪ್ಪು ಎಂದು ಒಪ್ಪಿಕೊಂಡರೆ ನೀನು ಸರಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ. ಜುಲೈಯಲ್ಲಿ 'ಗುಂಡಿ ಒತ್ತಬೇಡಿ' ಎಂದು ಬರೆದದ್ದು ಭಯಕ್ಕೆ. ಸಹಿ ಹಾಕದೆ ಇದ್ದದ್ದು ಹೊಟ್ಟೆಕಿಚ್ಚಿಗೆ. ಎರಡೂ ನನ್ನೊಳಗೇ ಇದ್ದವು, ಹೊಟ್ಟೆಕಿಚ್ಚೇ ಗೆದ್ದಿತು.

ನಿನ್ನೆ ಮಧ್ಯಾಹ್ನ ಸಹಿ ಹಾಕೋಣ ಎಂದು ಪ್ರಸ್ತಾವನೆ ಎಳೆದುಕೊಂಡೆ. ಮಾರ್ಚಿನಲ್ಲೇ ಹದಿನಾರು ಪುಟ ಓದಿದ್ದೆ, ತಪ್ಪು ಹುಡುಕುವುದಕ್ಕಾಗಿ, ಒಂದೊಂದು ಸಾಲೂ. ಹದಿನೇಳನೆಯದು ಬರೀ ಸಹಿಯ ಪುಟ ಎಂದುಕೊಂಡು ತೆರೆದೇ ಇರಲಿಲ್ಲ. ಸಹಿಯ ಜಾಗದ ಮೇಲೆ ನೀನು ನಾಲ್ಕು ಸಾಲು ಬರೆದಿದ್ದೀಯ. 'ಈ ಯೋಚನೆ ನನ್ನದಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದವರು ನರ್ಸುಗಳ ದಿನಚರಿ ತೋರಿಸಿ, ಇಲ್ಲಿ ಯಾರೂ ಬರೆದದ್ದನ್ನು ಅಳಿಸುವುದಿಲ್ಲ, ಒಂದು ಗೀಟು ಎಳೆದು ಕೆಳಗೆ ಹೊಸದಾಗಿ ಬರೆಯುತ್ತಾರೆ, ನೀನೂ ಹಾಗೇ ಮಾಡು ಎಂದಿದ್ದರು. ನಾನು ಅದನ್ನು ಕಾರ್ಡಿಗೆ ತಂದಿದ್ದೇನೆ, ಅಷ್ಟೆ.'

ನಾನೇ ಹೇಳಿದ್ದೆ. ಆ ದಿನ ನಿನ್ನ ಕೈಯಿಂದ ರಬ್ಬರು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದದ್ದೂ ನೆನಪಿದೆ. ಆದರೆ ಆ ಕಾರ್ಡಿನಲ್ಲಿ 'ಅಳಿಸು' ಎಂಬ ಗುಂಡಿ ಇಟ್ಟವಳೂ ನಾನೇ.

ಸಹಿ ಹಾಕಿದ ಪುಟ ಇದರ ಜೊತೆಗಿದೆ. ಈ ಕಾಗದವನ್ನು ಬಚ್ಚಿಡಬೇಡ. ದೊಡ್ಡ ಡಾಕ್ಟರಿಗೆ ತೋರಿಸು. ಏಪ್ರಿಲ್ 22 ಎಂಬ ತಾರೀಕಿನ ಕೆಳಗೆ ಗೆರೆ ಎಳೆದಿದ್ದೇನೆ, ಅವರ ಕಣ್ಣಿಗೆ ಬೀಳಲಿ. ಅವರು ಏನು ಮಾಡಿದರೂ ಸರಿಯೇ.

ಮಗುವಿನ ಮುಖ ನೋಡಬೇಕು ಎಂದು ಕೇಳುವ ಬಾಯಿ ನನಗಿಲ್ಲ. ಮೂಗು ನನ್ನದಾಗದಿರಲಿ, ಅದರ ತುದಿಯಲ್ಲಿ ಸಿಟ್ಟು ಕೂತಿರುತ್ತದೆ.

ನಿನ್ನ ಅಕ್ಕ


ಅಕ್ಟೋಬರ್ 7

ಅಕ್ಕ,

ನಿಮ್ಮ ಕಾಗದವನ್ನು ಬಚ್ಚಿಡಲಿಲ್ಲ. ದೊಡ್ಡ ಡಾಕ್ಟರಿಗೆ ಕೊಟ್ಟೆ. ಜೊತೆಗೆ ನನ್ನದೂ ಒಂದು ಬರೆದುಕೊಟ್ಟೆ, ಸಹಿ ಯಾಕೆ ಬರುತ್ತಿಲ್ಲ ಎಂದು ಜೂನಿನಿಂದ ಗೊತ್ತಿದ್ದೂ ಮನೆ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದೆ ಎಂದು. ಇಬ್ಬರಿಗೂ ಚೆನ್ನಾಗಿ ಸಿಕ್ಕಿತು. ನಿಮ್ಮ ಪಾಲಿನ ಬೈಗುಳವನ್ನೂ ನಾನೇ ನಿಂತು ಕೇಳಿದೆ, ನಿಮಗೆ ಬೇರೆಯಾಗಿ ಲಿಖಿತದಲ್ಲಿ ಬರುತ್ತದೆ. ಬರೆದವರ ಸಹಿ ಇಲ್ಲದೆ ಬದಲಾಯಿಸುವಂತಿಲ್ಲ ಎಂಬ ನಿಯಮವನ್ನೂ ತೆಗೆದರು. ಡಿಸೆಂಬರಿನ ಭಾಷಣ ನಾನು ಮಾಡುವುದಿಲ್ಲ ಎಂದೆ. "ಮಾಡು, ಆದ್ರೆ ಏನಾಯ್ತು ಅಂತ ಪೂರ್ತಿ ಹೇಳು" ಎಂದರು. ಹೇಳುತ್ತೇನೆ. ನಿಮ್ಮ ವಿಷಯವನ್ನೂ ಹೇಳುತ್ತೇನೆ.

ಉಳಿದ ಎಂಟು ಜಾಗಗಳನ್ನು ಹೊಸ ಕಾರ್ಡಿಗೆ ಹೊಂದಿಸಲು ಹಳೆಯ ಕಾರ್ಡು ಬರೆದವರೇ ಬೇಕು ಎಂದೂ ಅಂದರು. ನವೆಂಬರಿನಿಂದ ಆರು ತಿಂಗಳು ನಿಮ್ಮನ್ನು ಇಲ್ಲಿಗೆ ಕರೆಸುತ್ತಾರೆ. ಒಂದೇ ರೂಮು, ಅಕ್ಕಪಕ್ಕದ ಕುರ್ಚಿ. ಜಗಳ ಆಡಿದರೆ ಇಬ್ಬರನ್ನೂ ಟೋಕನ್ ಕೌಂಟರಿಗೆ ಕಳಿಸುತ್ತಾರಂತೆ.

ಸುಳ್ಳು ಬರೆಯಲಾರೆ. ಕೋಪ ಹೋಗಿಲ್ಲ. ಮಗು ಹಾಲು ಕುಡಿಯುತ್ತಾ ನನ್ನ ಬೆರಳು ಹಿಡಿದಾಗ ಏಪ್ರಿಲ್ 22 ನೆನಪಾಗುತ್ತದೆ, ನಿಮ್ಮ ಮೇಲೆ ಉರಿದುಹೋಗುತ್ತೇನೆ. ತೋಳಿನ ಮೇಲಿನ ಅಕ್ಷರ ಮಾಸುವುದಕ್ಕೆ ಮೂರು ವಾರ ಬೇಕಾಯಿತು. ನೀವು ಬಂದಾಗ ನಾನು ಒಂದೆರಡು ದಿನ ಮುಖ ಊದಿಸಿಕೊಂಡಿರಬಹುದು. ತಡೆದುಕೊಳ್ಳಿ.

ಹೊಸ ಕಾರ್ಡು ಹೋದ ಬುಧವಾರ ಶುರುವಾಯಿತು. ರಜೆಯಲ್ಲೇ ಬಂದು, ನನ್ನ ಕಾರ್ಡಿಗೆ ಪೆನಿಸಿಲಿನ್ ಮತ್ತೆ ಸೇರಿಸಿ, ಅದರ ನಕಲಿನಿಂದ ಮೊದಲು ಮಗುವಿನ ಕಾರ್ಡನ್ನೇ ಮಾಡಿದೆ, ನನ್ನ ಕೈಯಾರೆ. ಆಮೇಲೆ ನನ್ನ ಕಾರ್ಡು ತೆರೆದು ನೋಡಿದೆ. ಪೆನಿಸಿಲಿನ್ ಇದೆ. ಮಗುವಿನದು ತೆರೆದೆ, ಅದರ ಪಟ್ಟಿ ಖಾಲಿ. ಮತ್ತೆ ನನ್ನದು ತೆರೆದೆ, ಪೆನಿಸಿಲಿನ್ ಇನ್ನೂ ಇದೆ. ಎಷ್ಟು ಸಲ ನೋಡಿದೆನೋ, ಪಕ್ಕದಲ್ಲಿದ್ದ ಹಿರಿಯ ನರ್ಸು "ಸಾಕು ಬಿಡಮ್ಮಾ, ಓಡಿಹೋಗಲ್ಲ" ಎಂದರು.

ಕಾರ್ಡಿನ ಕೊನೆಯಲ್ಲಿ 'ತಾಯಿ ತಂದೆ ಸಿಗದಿದ್ದರೆ ಯಾರನ್ನು ಕರೆಯಬೇಕು' ಎಂದು ಕೇಳುತ್ತದೆ, ನಿಮಗೆ ಗೊತ್ತಲ್ಲ, ನೀವೇ ಇಟ್ಟ ಪ್ರಶ್ನೆ. 'ಸೋದರತ್ತೆ' ಎಂದು ಬರೆದು, ನಿಮ್ಮ ಫೋನ್ ನಂಬರು ಹಾಕಿ, ಗುಂಡಿ ಒತ್ತಿಬಿಟ್ಟೆ. ಇನ್ನು ಅದನ್ನು ಅಳಿಸಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ನೀವೇ ಸಹಿ ಹಾಕಿದ್ದೀರಿ.

ಗುಬ್ಬಿ